ಹೊಟ್ಟಿನ ಒಲೆಯಲ್ಲಿ ಬೆಂದ ಹಂದಿ

ಅವಸರ ಇರುವವರು ಹಂದಿಮಾಂಸದ ತಂಟೆಗೆ ಹೋಗದೆ ಬೇರೆ ಏನಾದರೂ ಬೇಯಿಸಿಕೊಳ್ಳುವುದು ಒಳ್ಳೆಯದು. ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿ, ಮೆತ್ತಗಾಗಿದೆ ಎಂದು ಬಡಿಸುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ಮೆತ್ತಗಾಗುವುದು ಬೇರೆ, ಚಮಚ ತಾಗಿಸಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದು ಬೇರೆ. ಅದಕ್ಕೆ ಆರು ಗಂಟೆ ಬೇಕು, ಸಣ್ಣ ಬೆಂಕಿ ಬೇಕು, ಒಲೆಯ ಪಕ್ಕದಿಂದ ಏಳದೆ ಕೂರುವ ಒಬ್ಬರು ಬೇಕು. ಇದನ್ನು ನಾನು ಕಲಿತದ್ದು ನಮ್ಮೂರಿನಲ್ಲಲ್ಲ. ಆಗ ಎಲ್ಲರೂ ಬರೋಡಾ ಎನ್ನುತ್ತಿದ್ದ ವಡೋದರದಲ್ಲಿ, ಮೊಟ್ಟೆಯ ವಾಸನೆಯನ್ನೂ ಸೈರಿಸದ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಇದ್ದಾಗ. ಕಲಿಸಿದವರು ನನ್ನ ಮಾವ. ಆ ಹೊತ್ತಿಗೆ ಅವರಿಗೆ ಮಾತೇ ನಿಂತುಹೋಗಿತ್ತು.

ನನ್ನ ಗಂಡನದು ಬ್ಯಾಂಕಿನ ಕೆಲಸ. ನಾವಿಬ್ಬರೂ ಸಕಲೇಶಪುರದ ಕಡೆಯವರು. ಎಪ್ಪತ್ತರ ದಶಕದಲ್ಲಿ ಮದುವೆಯಾದ ಹೊಸತರಲ್ಲೇ ಅಹಮದಾಬಾದಿಗೆ ವರ್ಗವಾಯಿತು. ಅಲ್ಲಿ ಮನೆ ತೋರಿಸುವವರು ಸಂಬಳ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಏನು ತಿನ್ನುತ್ತೀರಿ ಎಂದು ಕೇಳುತ್ತಿದ್ದರು. ನನ್ನವರು ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಒಂದು ಮನೆ ಹಿಡಿದರು. ಆಮೇಲೆ ಎರಡು ವರ್ಷ ಮೊಟ್ಟೆಯ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ಅಡಗಿಸಿ, ಬ್ಯಾಂಕಿನ ಹತ್ತಿರದ ಕಸದ ತೊಟ್ಟಿಗೆ ಹಾಕಿಬರುತ್ತಿದ್ದರು. ಒಂದು ದಿನ ಮರೆತರು. ಮರುವಾರ ನಾವು ಸಾಮಾನು ಕಟ್ಟಿದೆವು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದ ಆ ಬೆಳಿಗ್ಗೆ, ಇನ್ನು ಮುಂದೆ ಈ ಕಳ್ಳಾಟ ನನ್ನಿಂದಾಗದು ಎಂದು ನಿರ್ಧರಿಸಿದೆ.

ಹಾಗಾಗಿ ಬರೋಡಾಕ್ಕೆ ವರ್ಗವಾಗಿ, ಗೋರ್ವಾ ಎಂಬ ಬಡಾವಣೆಯಲ್ಲಿ ಆ ಅಜ್ಜಿಯ ಮನೆ ನೋಡಲು ಹೋದಾಗ ನಾನೇ ಮುಂದೆ ಬಿದ್ದು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ನಾವು ತಿನ್ನುವ ಜನ, ಆದರೆ ನಿಮ್ಮ ಮನೆಯಲ್ಲಿ ಇರುವಷ್ಟು ದಿನ ನಾನು ಮಾಂಸ ಬಾಯಿಗೆ ಇಡುವುದಿಲ್ಲ, ಮನೆಯೊಳಗೂ ಇಲ್ಲ, ಹೊರಗೂ ಇಲ್ಲ ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ಗಂಡ ಸತ್ತು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಳಗೆ ಒಬ್ಬರೇ ಇದ್ದು ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅದೇ ಮಾತನ್ನು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ನನ್ನವರನ್ನು ಅವರು ಕೇಳಲೇ ಇಲ್ಲ. ಗಂಡಸು ಹೊರಗೆ ಏನು ತಿಂದು ಬರುತ್ತಾನೋ ಅದು ಅವನ ಪಾಡು, ಮನೆ ನಡೆಯುವುದು ಹೆಂಗಸಿನ ಮಾತಿನ ಮೇಲೆ ಎಂಬುದು ಅವರ ಲೆಕ್ಕ. ಅಲ್ಲಿನವರು ತಾಯಿಯನ್ನು ಕರೆಯುವಂತೆ ನಾನೂ ಅವರನ್ನು ಬಾ ಎಂದೆ. ಅವರು ನನ್ನನ್ನು ದೀಕ್ರಿ, ಮಗಳೇ, ಎಂದರು. ನನ್ನ ಹರಕು ಗುಜರಾತಿಯಲ್ಲಿ, ಅವರ ಹರಕು ಹಿಂದಿಯಲ್ಲಿ ನಮ್ಮ ಬಾಂಧವ್ಯ ನಡೆಯಿತು. ಕೊಟ್ಟ ಮಾತನ್ನು ಐದು ವರ್ಷ ಒಂದು ದಿನವೂ ತಪ್ಪದೆ ನಡೆಸಿದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಾಲ್ಕನೆಯ ವರ್ಷ ಅತ್ತೆ ತೀರಿಕೊಂಡರು. ಕರ್ಮವೆಲ್ಲ ಮುಗಿದ ಮೇಲೆ ಮಾವ ಒಂದು ಟ್ರಂಕು ಹಿಡಿದು ನಮ್ಮ ಜೊತೆ ಬಂದರು.

ಮಾವ ಎತ್ತರದ ಆಳು, ಮೂಗಿನ ತುದಿಯಲ್ಲೇ ಕೋಪ. ನಮ್ಮ ಕಡೆ ಹಂದಿಮಾಂಸ ಅಡುಗೆಮನೆಯೊಳಗೆ ಬರುವುದಿಲ್ಲ. ಅದರ ಪಾತ್ರೆ ಬೇರೆ, ಒಲೆ ಬೇರೆ, ಮೂರು ಕಲ್ಲು ಹೂಡಿ ಹೊರಗೆ ಬೇಯಿಸುವುದು, ಬೇಯಿಸುವವರು ಗಂಡಸರು. ನೆಂಟರಿಷ್ಟರ ಮನೆಯಲ್ಲಿ ಮದುವೆಯ ಮಾರನೆಯ ದಿನದ ಬಾಡೂಟವೆಂದರೆ ಮಾವನಿಗೆ ಹೇಳಿಕಳಿಸುತ್ತಿದ್ದರು. ಅವರ ಕೈಯ ಹಂದಿಗೆ ಕೊನೆಯಲ್ಲಿ ಒಂದು ಉಂಡೆ ಬೆಲ್ಲ ಬೀಳುತ್ತಿತ್ತು. ಉಳಿದ ಗಂಡಸರು ಅದನ್ನು ಆಡಿಕೊಂಡು ನಗುತ್ತಿದ್ದರು, ನಗುತ್ತಲೇ ಮೂರು ಮೂರು ಸಲ ಬಡಿಸಿಕೊಳ್ಳುತ್ತಿದ್ದರು. ಇನ್ನೊಂದು ರೂಢಿಯಿತ್ತು. ಪಾತ್ರೆ ಇಳಿಸಿದ ಮೇಲೆ ಮೊದಲ ತುಂಡು ಮನೆಯ ಯಜಮಾನನಿಗಲ್ಲ, ನೆಂಟರಿಗಲ್ಲ, ಅಷ್ಟು ಹೊತ್ತೂ ಬೆಂಕಿ ನೋಡಿಕೊಂಡವರಿಗೆ. ಅದನ್ನು ಹಿರಿಯರು ತಮ್ಮ ಕೈಯಾರೆ ಬಾಯಿಗೆ ಇಡಬೇಕು. ಅವರು ತಿಂದ ಮೇಲೆಯೇ ಉಳಿದವರ ಎಲೆಗೆ ಬೀಳುವುದು. ಹೆಂಗಸರು ನಾವು ಇದನ್ನೆಲ್ಲ ದೂರದಿಂದ ನೋಡಿದವರು, ಉಂಡವರು, ಅಷ್ಟೆ.

ಗೋರ್ವಾದಲ್ಲಿ ಮಾವ ಮೊದಲ ವರ್ಷ ಚೆನ್ನಾಗಿಯೇ ಇದ್ದರು. ಬೆಳಿಗ್ಗೆ ಕಾರ್ಖಾನೆಗಳ ಸೈರನ್ ಕೂಗುವ ಮುಂಚೆ ಒಂದು ಸುತ್ತು ನಡೆದು ಬರುತ್ತಿದ್ದರು. ಸಂಜೆ ಬಾ ಜೊತೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೂ ಬಾ ಗೋಧಿ ಹಸನು ಮಾಡುತ್ತ ಏನೋ ಹೇಳುವರು, ಮಾವ ಕನ್ನಡದಲ್ಲೇ ಉತ್ತರ ಕೊಡುವರು, ಇಬ್ಬರಿಗೂ ಸಮಾಧಾನವಾದಂತೆ ಕಾಣುತ್ತಿತ್ತು. ಬಾ ಮನೆಯ ದಾಲ್ ಉಂಡ ದಿನ ಮಾತ್ರ ಮಾವ ನನ್ನ ಹತ್ತಿರ ಬಂದು ದೂರುವರು, ಈ ಊರಲ್ಲಿ ಬೇಳೆಗೂ ಬೆಲ್ಲ ಸುರೀತಾರಲ್ಲವ್ವ ಎಂದು. ಹಂದಿಗೆ ಬೆಲ್ಲ ಹಾಕುವವರು ಬೇಳೆಗೆ ಹಾಕಿದರೆ ಮೂಗು ಮುರಿಯುತ್ತೀರಲ್ಲ ಮಾವ ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದರು. ಲಕ್ವ. ಬಲಗೈ ಬಲಗಾಲು ಸತ್ತಂತಾದವು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು ಕಳಿಸಿದರು. ಕಾಲು ಒಂದಿಷ್ಟು ಚೇತರಿಸಿತು, ಹಿಡಿದುಕೊಂಡರೆ ನಿಲ್ಲುತ್ತಿದ್ದರು. ಕೈ ಮತ್ತು ಮಾತು ವಾಪಸು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಅದೇ ಹೆಚ್ಚಿನ ಕಷ್ಟ.

ಮನೆಗೆ ಬಂದ ಮೇಲೆ ಅವರು ಊಟ ಬಿಟ್ಟರು. ಚಮಚದಲ್ಲಿ ಗಂಜಿ ಹಿಡಿದುಕೊಂಡು ಹೋದರೆ ತುಟಿ ಬಿಗಿದು ಮುಖ ತಿರುಗಿಸುವರು. ಹಾಲು, ಚಹಾ, ನೀರು ಲೋಟದಲ್ಲಿ ಕೊಟ್ಟರೆ ಎಡಗೈಯಲ್ಲಿ ಹಿಡಿದು ಕುಡಿಯುವರು, ಅನ್ನ ಮಾತ್ರ ಇಲ್ಲ. ಮಗ ಉಣ್ಣಿಸಲು ಹೋದರೂ ಅಷ್ಟೆ. ಡಾಕ್ಟರು ಗಂಟಲು ನೋಡಿ, ನುಂಗಲು ಏನೂ ತೊಂದರೆಯಿಲ್ಲ, ಇವರು ಉಣ್ಣುತ್ತಿಲ್ಲ ಅಷ್ಟೆ, ಹೀಗೇ ಆದರೆ ಹೆಚ್ಚು ದಿನ ಬಾಳುವುದಿಲ್ಲ ಎಂದರು. ಮೂರು ವಾರದಲ್ಲಿ ಆ ಎತ್ತರದ ಆಳು ಹಾಸಿಗೆಯಲ್ಲಿ ಅರ್ಧವಾದರು.

ಕಾರಣ ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ದಿನ ತಟ್ಟೆಯನ್ನು ಅವರ ಮುಂದಿನ ಸ್ಟೂಲಿನ ಮೇಲೆ ಇಟ್ಟು, ಕೆಳಗೆ ಯಾರೋ ಕರೆದರೆಂದು ಹೊರಟವಳು ಬಾಗಿಲ ಸಂದಿಯಿಂದ ತಿರುಗಿ ನೋಡಿದೆ. ಮಾವ ಎಡಗೈಯನ್ನು ತಟ್ಟೆಯ ಹತ್ತಿರ ತಂದರು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಂಚೆಗೆ ಒರೆಸಿಕೊಂಡು ತೊಡೆಯ ಕೆಳಗೆ ಇಟ್ಟುಕೊಂಡುಬಿಟ್ಟರು. ಹಸಿವಿತ್ತು. ಎಡಗೈಯಲ್ಲಿ ಉಣ್ಣುವ ಹೇಸಿಗೆ ಹಸಿವಿಗಿಂತ ದೊಡ್ಡದಾಗಿತ್ತು. ಸೊಸೆಯ ಕೈಯಲ್ಲಿ ಮಗುವಿನಂತೆ ಉಣ್ಣಿಸಿಕೊಳ್ಳುವ ನಾಚಿಕೆ ಅದಕ್ಕಿಂತಲೂ ದೊಡ್ಡದು.

ಸಂಜೆ ನನ್ನವರಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಹಾಗೇ ಕೂತರು.

"ನಾನು ಎಡಚ ಕಣೆ, ಹುಟ್ಟಾ ಎಡಚ. ನಿಂಗೆ ಹೇಳೇ ಇಲ್ಲ. ಊಟಕ್ಕೆ ಕೂತಾಗ ನನ್ನ ಎಡಗೈನ ಕಂಬಕ್ಕೆ ಕಟ್ಟಿ ಬಲಗೈಲಿ ಉಣ್ಣೋದು ಕಲಿಸಿದ್ದು ಅಪ್ಪನೇ. ಆ ಮನುಷ್ಯ ಈಗ ಅದೇ ಕೈಲಿ ಹೆಂಗೆ ಉಂಡಾರು?"

ಮದುವೆಯಾಗಿ ಏಳೆಂಟು ವರ್ಷ ಒಟ್ಟಿಗೆ ಬಾಳಿದ ಗಂಡನ ಬಗ್ಗೆ ನನಗೆ ಇದು ಗೊತ್ತಿರಲಿಲ್ಲ. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಾ ಕೂಡ ಸುಮ್ಮನಿರಲಿಲ್ಲ. ದಿನವೂ ಮೆತ್ತಗೆ ಖಿಚಡಿ ಮಾಡಿ, ಮೇಲೆ ತುಪ್ಪ ಹಾಕಿ, ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ತರುವರು. ಮಾವ ಕೈ ಅಡ್ಡ ಮಾಡುವರು. ಒಂದು ದಿನ ಬಾ ತಮ್ಮ ಬೆಲ್ಲದ ಡಬ್ಬವನ್ನೇ ತಂದು ನನ್ನ ಕೈಗೆ ಕೊಟ್ಟರು. ಅಲ್ಲಿನ ಹೆಂಗಸರು ಬಾಧಾ ಎಂದು ಹರಕೆಯೊಂದನ್ನು ಹೊರುತ್ತಾರೆ. ಬೇಡಿದ್ದು ನಡೆಯುವವರೆಗೆ ತಮಗೆ ತುಂಬ ಇಷ್ಟವಾದ ತಿನಿಸನ್ನು ಬಿಡುವುದು. ಮಾವ ಅನ್ನ ಉಣ್ಣುವವರೆಗೂ ತಾವು ಬೆಲ್ಲ ಮುಟ್ಟುವುದಿಲ್ಲ ಎಂದು ಬಾ ದೇವರ ಮುಂದೆ ಹೇಳಿಕೊಂಡಿದ್ದರು. ಅವರು ಗೋಳ್ ಎನ್ನುವ ಆ ಬೆಲ್ಲ ಇಲ್ಲದೆ ಅವರಿಗೆ ದಾಲ್ ಇಲ್ಲ, ತರಕಾರಿಯ ಶಾಕ್ ಇಲ್ಲ, ರೊಟ್ಟಿಯ ಕೊನೆಯ ತುತ್ತಿಲ್ಲ. ಡಬ್ಬದಲ್ಲಿದ್ದರೆ ಇರುವೆ ಹತ್ತುತ್ತದೆ, ನೀನಾದರೂ ಬಳಸು ಎಂದರು. ಒಬ್ಬ ಪರಭಾಷೆಯ ಮುದುಕನಿಗಾಗಿ ಈ ಅಜ್ಜಿ ಬಾಯಿ ಕಟ್ಟಿದ್ದು ಕಂಡು ನನಗೆ ಅಳು ಬಂತು.

ಮಾವನ ಕೈಕಾಲಿಗೆ ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ಒಬ್ಬ ನರ್ಸ್ ಬರುತ್ತಿದ್ದಳು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿ. ಅಲ್ಲೇ ಕೈಗಾರಿಕಾ ಎಸ್ಟೇಟಿನ ಹಿಂದಿನ ಸಾಲುಮನೆಯಲ್ಲಿದ್ದಳು. ನಾನು ಸಿಸ್ಟರ್ ಎನ್ನುತ್ತಿದ್ದೆ, ಅವಳು ಅಕ್ಕ ಎನ್ನುತ್ತಿದ್ದಳು. ಅವಳೇ ಒಂದು ದಿನ ನನ್ನನ್ನು ಗದರಿದಳು.

"ನೀವು ಎಂತ ಅಕ್ಕ, ಗಂಜಿ ಖಿಚಡಿ ಅಂತ ಅವರ ಹಿಂದೆ ಬಿದ್ದಿದ್ದೀರಿ? ಅವರಿಗೆ ಆಸೆ ಇರುವುದು ಎಂತದ್ದು, ಅದನ್ನು ಕೊಟ್ಟು ನೋಡಿ."

ಹಂದಿ ಎಂದೆ. ಅದಕ್ಕೇನಂತೆ, ರೈಲ್ವೆ ಕಾಲೊನಿ ಹತ್ತಿರ ಒಬ್ಬ ಭಾನುವಾರ ಕೊಡುತ್ತಾನೆ, ನಾನು ತರುತ್ತೇನೆ, ನನ್ನ ಹಿತ್ತಲಲ್ಲಿ ಒಲೆಯಿದೆ, ಅಜ್ಜನನ್ನೂ ಅಲ್ಲಿಗೇ ಕರೆತನ್ನಿ ಎಂದಳು. ನಾನು ಎರಡು ದಿನ ಯೋಚಿಸಿದೆ. ಬೇಯಿಸುವುದಿಲ್ಲ ಎಂದು ಬಾಗೆ ಹೇಳಿರಲಿಲ್ಲ, ತಿನ್ನುವುದಿಲ್ಲ ಎಂದಿದ್ದೆ. ಆ ಹಿತ್ತಲು ಬಾ ಅವರದಲ್ಲ. ಹೀಗೆ ವಕೀಲರಂತೆ ನನಗೆ ನಾನೇ ವಾದ ಮಾಡಿಕೊಂಡು, ಮಾವನನ್ನು ಎಣ್ಣೆ ನೀವಿಸಲು ನರ್ಸಿನ ಮನೆಗೆ ಕರೆದೊಯ್ಯುತ್ತೇವೆ ಎಂದು ಬಾಗೆ ಸುಳ್ಳು ಹೇಳಿದೆ. ಒಳ್ಳೆಯದಾಗಲಿ ಎಂದು ಅವರು ಆಟೋದವರೆಗೂ ಬಂದು ಮಾವನ ತಲೆ ಸವರಿ ಕಳಿಸಿದರು.

ಸಿಸ್ಟರ್ ಮನೆಯ ಒಲೆ ಸೌದೆಯದಲ್ಲ, ಮರದ ಹೊಟ್ಟಿನದು. ಹತ್ತಿರದಲ್ಲಿ ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಮರದ ಮಿಲ್ಲುಗಳಿದ್ದವು, ಗರಗಸದ ಹೊಟ್ಟು ಮೂಟೆಗಟ್ಟಲೆ ಸಿಗುತ್ತಿತ್ತು. ಹಳೆಯ ಎಣ್ಣೆ ಡಬ್ಬದ ಬುಡದ ಹತ್ತಿರ ಪಕ್ಕಕ್ಕೆ ಒಂದು ತೂತು. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ತೂತಿನಿಂದ ಬಾಟಲಿಗೆ ತಾಗುವಂತೆ ಒಂದು ದೊಣ್ಣೆ ತೂರಿಸಿ, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ಒತ್ತಬೇಕು. ಆಮೇಲೆ ಬಾಟಲಿ, ದೊಣ್ಣೆ ಎರಡನ್ನೂ ಮೆಲ್ಲಗೆ ಎಳೆದರೆ ಗಾಳಿಗೆ ದಾರಿಯಾಗುತ್ತದೆ. ಕೆಳಗಿನಿಂದ ಕಿಡಿ ಮುಟ್ಟಿಸಿದರೆ ಐದಾರು ಗಂಟೆ ಉರಿಯದೆ, ಆರದೆ, ಒಳಗೊಳಗೇ ಕೆಂಪಾಗಿ ಕುಳಿತು ಕಾವು ಕೊಡುತ್ತದೆ. ಅವಳು ಅದರಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು.

ಆ ಭಾನುವಾರ ಅವಳಿಗೆ ಬೆಳಗಿನ ಡ್ಯೂಟಿ ಬಂತು. ಮಾಂಸ ತಂದಿಟ್ಟು, ಒಲೆ ತೋರಿಸಿ ಹೊರಟುಹೋದಳು. ನನ್ನವರು ಮಾವನನ್ನು ನೆರಳಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ಹಂದಿ ತೊಳೆದು ದೊಡ್ಡ ದೊಡ್ಡ ತುಂಡು ಮಾಡಿಕೊಟ್ಟು, ಪೇಪರ್ ಹಿಡಿದು ಕೂತರು. ಅಪ್ಪನ ಕೈಕೆಳಗೆ ಬೇಯಿಸುವ ಧೈರ್ಯ ಅವರಿಗೆ ಯಾವತ್ತೂ ಇರಲಿಲ್ಲ. ಒಲೆ ಹೂಡಿದವಳು ನಾನು. ಅರ್ಧ ಗಂಟೆಯಲ್ಲಿ ಹೊಟ್ಟು ಒಳಕ್ಕೆ ಕುಸಿದು, ಬರೀ ಹೊಗೆ ಕಾರಿ ಬೆಂಕಿ ಸತ್ತಿತು. ಮಾವ ಊರುಗೋಲಿನಿಂದ ನೆಲಕ್ಕೆ ಬಡಿದರು. ನೋಡಿದರೆ ಎಡಗೈಯನ್ನು ಮುಷ್ಟಿ ಮಾಡಿ ತೊಡೆಗೆ ಗುದ್ದಿ ಗುದ್ದಿ ತೋರಿಸುತ್ತಿದ್ದಾರೆ. ಒತ್ತು, ಇನ್ನೂ ಒತ್ತು ಎಂದು. ಕಣ್ಣಿನಲ್ಲಿ ಹಳೆಯ ಕೋಪ. ಒಂದು ತಿಂಗಳಿಂದ ಅವರು ಹಾಗೆ ಯಾರ ಮೇಲೂ ರೇಗಿರಲಿಲ್ಲ. ನನಗೆ ಸಂತೋಷವಾಯಿತು. ಎಲ್ಲವನ್ನೂ ಸುರಿದು, ಲಟ್ಟಣಿಗೆಯ ತುದಿಯಿಂದ ಕುಟ್ಟಿ ಕುಟ್ಟಿ ಮತ್ತೆ ತುಂಬಿದೆ. ಈ ಸಲ ನಿಂತಿತು.

ಅಲ್ಲಿಂದ ಮುಂದೆ ಮಾವ ಯಜಮಾನರು, ನಾನು ಆಳು. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯ ಬಾಣಲೆಯಲ್ಲಿ ಹುರಿಯುವಾಗ ಸಾಕೆಂದು ಇಳಿಸಲು ಹೋದರೆ ಮೂಗನ್ನು ಮೇಲಕ್ಕೆತ್ತಿ ತಲೆಯಾಡಿಸುವರು, ಇನ್ನೂ ಕಪ್ಪಾಗಬೇಕು. ತುಂಡುಗಳಿಗೆ ಉಪ್ಪು, ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬೆರೆಸಿ ಒಲೆಗೇರಿಸಿದೆ. ನೀರಿನ ಚೊಂಬಿಗೆ ಕೈ ಹಾಕಿದಾಗ ಕೋಲು ಮತ್ತೆ ಬಡಿಯಿತು. ಅದು ತನ್ನ ನೀರಿನಲ್ಲಿ, ತನ್ನ ಕೊಬ್ಬಿನಲ್ಲೇ ಬೇಯಬೇಕು. ಹಂದಿಗೆ ಹಾಕುವ ನಮ್ಮೂರ ಹುಳಿ, ಕಾಚಂಪುಳಿ, ಅಲ್ಲೆಲ್ಲಿ ಸಿಗಬೇಕು, ಅಲ್ಲಿನವರು ದಾಲಿಗೆ ಹಾಕುವ ಕೋಕಮ್ ಸಿಪ್ಪೆ ನೆನೆಸಿ ತಂದಿದ್ದೆ. ಮಾವ ಒಂದು ಹನಿ ಅಂಗೈಯಲ್ಲಿ ಹಾಕಿಸಿಕೊಂಡು ನೆಕ್ಕಿ, ಮುಖ ಹುಳ್ಳಗೆ ಮಾಡಿ, ಆಗಲಿ ಎಂಬಂತೆ ಕೈ ಬೀಸಿದರು. ಮುಚ್ಚಳವನ್ನು ಪೂರ್ತಿ ಮುಚ್ಚಲು ಬಿಡಲಿಲ್ಲ. ಎರಡು ಬೆರಳು ಅಗಲಿಸಿ ತೋರಿಸಿದರು. ಅಷ್ಟು ಸಂದಿ ಬಿಟ್ಟರೆ ಹೊಟ್ಟಿನ ಹೊಗೆ ಸುತ್ತಿ ಬಂದು ಒಳಗೆ ಇಳಿಯುತ್ತದೆ. ನನ್ನ ಕಣ್ಣಿನಿಂದ ನೀರು ಧಾರಾಕಾರ. ಏಳಲು ನೋಡಿದರೆ ಕೋಲು.

ಐದನೆಯ ಗಂಟೆಯಲ್ಲಿ ಮಾವ ಬೆರಳ ತುದಿಗಳನ್ನು ಉಜ್ಜಿ ತೋರಿಸಿದರು. ಬೆಲ್ಲ. ಮನೆಯಲ್ಲಿ ಬೇರೆ ಬೆಲ್ಲವಿರಲಿಲ್ಲ. ಅವರ ರೂಢಿ ಗೊತ್ತಿದ್ದರಿಂದ, ಬಾ ಕೊಟ್ಟ ಡಬ್ಬದಿಂದಲೇ ಒಂದು ಉಂಡೆ ಪೇಪರಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಬೆಳಿಗ್ಗೆ ಕಟ್ಟುವಾಗ ಏನೂ ಅನಿಸಿರಲಿಲ್ಲ. ಈಗ ಪಾತ್ರೆಯ ಮೇಲೆ ಹಿಡಿದಾಗ ಕೈ ತಡೆಯಿತು. ಅಜ್ಜಿ ಬಾಯಿ ಕಟ್ಟಿ ದೇವರಿಗೆ ಒಪ್ಪಿಸಿದ ಬೆಲ್ಲ ಇದು. ಅಂಗಡಿ ಮೂರು ಬೀದಿ ಆಚೆ, ನನ್ನವರನ್ನು ಓಡಿಸಬಹುದಿತ್ತು. ಆದರೆ ಬೆಂಕಿ ಕೊನೆಗೆ ಬಂದಿತ್ತು, ಮಾವ ಕಾಯುತ್ತಿದ್ದರು. ಹಾಕಿಬಿಟ್ಟೆ.

ಇಳಿಸಿದಾಗ ಮಾಂಸ ಕಪ್ಪಾಗಿ ಹೊಳೆಯುತ್ತಿತ್ತು. ಚಮಚ ಒತ್ತಿದರೆ ಮೂಳೆಯಿಂದ ಕಳಚಿ ಎಳೆಗಳಾಗಿ ಬಿಚ್ಚಿಕೊಂಡಿತು. ಹಲ್ಲೇ ಬೇಡ, ನಾಲಿಗೆ ಸಾಕು. ಒಂದು ತಟ್ಟೆಯಲ್ಲಿ ಹಾಕಿ ಮಾವನ ತೊಡೆಯ ಮೇಲೆ ಇಟ್ಟು, ನೋಡುತ್ತಿಲ್ಲವೆಂಬಂತೆ ಪಾತ್ರೆ ಕೆರೆಯತೊಡಗಿದೆ. ನನ್ನವರ ಕೈಯಲ್ಲಿ ಪೇಪರ್ ಅಲುಗುತ್ತಿರಲಿಲ್ಲ.

ಮಾವ ಎಡಗೈಯನ್ನು ಪಂಚೆಗೆ ಒರೆಸಿಕೊಂಡರು. ಮತ್ತೆ ತೊಡೆಯ ಕೆಳಗೆ ಹೋಯಿತಲ್ಲ ಎಂದುಕೊಂಡೆ. ಹೋಗಲಿಲ್ಲ. ತಟ್ಟೆಯಿಂದ ಒಂದು ಎಳೆ ತೆಗೆದರು, ಅದನ್ನು ನನ್ನ ಕಡೆ ಚಾಚಿದರು. ಬೆಂಕಿ ನೋಡಿಕೊಂಡವರಿಗೆ ಮೊದಲ ತುಂಡು. ಹೊಗೆಯಲ್ಲಿ ಆರು ಗಂಟೆ ಕೂತ ನನಗೆ ಅದು ನೆನಪೇ ಇರಲಿಲ್ಲ.

"ಮಾವ, ನಾನು ತಿನ್ನಂಗಿಲ್ಲ. ಬಾಗೆ ಮಾತು ಕೊಟ್ಟಿದೀನಿ" ಎಂದೆ.

ಕೈ ಹಾಗೇ ಇತ್ತು. ನನ್ನವರು ಎದ್ದು ಬಂದು, ನಂಗೆ ಕೊಡಿ ಅಪ್ಪ ಎಂದು ಬಾಯಿ ಮುಂದೆ ಮಾಡಿದರು. ಮಾವ ಅವರ ಕಡೆ ತಿರುಗಲಿಲ್ಲ. ಅವರ ಲೆಕ್ಕದಲ್ಲಿ ಮಗ ಪೇಪರ್ ಓದಿದವನು, ಒಲೆ ಕಾದವಳು ನಾನು. ತೋಳು ಸೋತು ಇಳಿಯತೊಡಗಿತು. ಅದು ಈಗ ಬರಿದೇ ಇಳಿದರೆ ಇನ್ನೆಂದೂ ಏಳುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಜೀವಮಾನವೆಲ್ಲ ಅಸಹ್ಯಪಟ್ಟ ಕೈಯಲ್ಲಿ ಆ ಮನುಷ್ಯ ಸೊಸೆಗೆ ತುತ್ತು ಹಿಡಿದಿದ್ದರು. ನಾನು ಬೇಡವೆಂದರೆ, ಆ ಕೈಯನ್ನೇ ಬೇಡವೆಂದಂತೆ ಆಗುತ್ತಿತ್ತು.

ಮಂಡಿಯೂರಿ ಬಾಯಿ ತೆರೆದೆ. ಮೊದಲು ಹೊಗೆ, ಆಮೇಲೆ ಖಾರ, ಎಲ್ಲ ಇಳಿದ ಮೇಲೆ ಕೊನೆಯಲ್ಲಿ ಸಿಹಿ. ಐದು ವರ್ಷದ ಮಾತು ಗಂಟಲಲ್ಲಿ ಇಳಿದುಹೋಯಿತು. ರುಚಿಯಾಗಿತ್ತು. ರುಚಿಯಾಗಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆಮೇಲೆ ಮಾವ ಉಂಡರು. ಎಡಗೈಯಲ್ಲಿ, ನಿಧಾನವಾಗಿ, ಅರ್ಧ ಚೆಲ್ಲಿಕೊಂಡು, ಯಾರನ್ನೂ ನೋಡದೆ ಉಂಡರು. ತಟ್ಟೆ ಖಾಲಿಯಾದ ಮೇಲೆ ಇನ್ನೊಂದು ಸಲ ಬಡಿಸಿಕೊಂಡರು. ನನ್ನವರು ಪಕ್ಕದಲ್ಲಿ ಕೂತು ಬಲಗೈಯಲ್ಲೇ ಉಂಡರು. ಕಲಿತ ಪಾಠ ಅಷ್ಟು ಗಟ್ಟಿ.

ಮರುದಿನ ಬಾ ಖಿಚಡಿ ತಂದಾಗ ಮಾವ ಕೈ ಅಡ್ಡ ಮಾಡಲಿಲ್ಲ. ಅವರ ಎದುರಿಗೇ ಎಡಗೈಯಲ್ಲಿ ಕಲಸಿ ಉಂಡರು. ಬಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಅವತ್ತೇ ಸಂಜೆ ಹರಕೆ ಬಿಡಿಸಿ, ಹೊಸ ಬೆಲ್ಲ ತರಿಸಿ, ದೇವರಿಗಿಟ್ಟು, ಬೀದಿಯ ಮನೆಮನೆಗೆ ಹಂಚಿದರು. ಮೊದಲ ಚೂರನ್ನು ನನ್ನ ಬಾಯಿಗೆ ತಾವೇ ಹಾಕಿದರು. ನೋಡಿದೆಯಾ ದೀಕ್ರಿ, ನನ್ನ ದೇವರು ಕೇಳಿದ ಎಂದರು. ಹೌದು ಬಾ ಎಂದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಾವ ಅಲ್ಲಿಂದ ಏಳು ತಿಂಗಳು ಬದುಕಿದರು. ಹಂದಿಯನ್ನು ಮತ್ತೆ ಮಾಡಲಿಲ್ಲ, ಅದರ ಅಗತ್ಯವೇ ಬೀಳಲಿಲ್ಲ. ಗಂಜಿ, ರೊಟ್ಟಿ, ಬಾ ಮನೆಯ ಸಿಹಿ ದಾಲ್ ಎಲ್ಲವನ್ನೂ ಉಂಡರು, ಕಟ್ಟೆಯ ಮೇಲೆ ಕೂತರು. ಒಂದು ಚಳಿಗಾಲದ ಬೆಳಿಗ್ಗೆ ಚಹಾ ಕುಡಿದು ಮಲಗಿದವರು ಏಳಲಿಲ್ಲ. ಬಾ ಅಂದು ಇಡೀ ದಿನ ನನ್ನ ಪಕ್ಕದಲ್ಲಿ ಕೂತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಸೂರತ್ತಿಗೆ ವರ್ಗದ ಆರ್ಡರು ಬಂತು. ಹೊರಡುವ ಮುಂಚೆ ಬಾಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ನನ್ನವರು ಬೇಡವೆಂದರು.

"ಹೆಂಗೂ ಹೋಗ್ತಾ ಇದೀವಲ್ಲ, ಸುಮ್ನಿರು. ಆ ಅಜ್ಜಿ ನೆಮ್ಮದಿ ಯಾಕೆ ಕೆಡಿಸ್ತೀಯ?"

ನನಗೆ ಅವರ ಮೇಲೆ ಸಿಟ್ಟು ಬಂತು. ಮೊಟ್ಟೆಸಿಪ್ಪೆ ಬಚ್ಚಿಟ್ಟ ಮನುಷ್ಯ ಇನ್ನೇನು ಹೇಳಿಯಾನು ಎಂದು ಚುಚ್ಚಿದೆ. ಸತ್ಯ ಹೇಳಬೇಕು, ಬಾ ಬೈಯಬೇಕು, ನಾನು ಅಳಬೇಕು, ಮನಸ್ಸು ಹಗುರವಾ‌ಗಬೇಕು. ಇದು ನನ್ನ ಲೆಕ್ಕಾಚಾರ.

ಬಾ ಕಟ್ಟೆಯ ಮೇಲೆ ಗೋಧಿ ಹಸನು ಮಾಡುತ್ತಿದ್ದರು. ಕಾಲ ಹತ್ತಿರ ಕೂತು ಮೊದಲಿನಿಂದ ಹೇಳಿದೆ. ನರ್ಸಿನ ಹಿತ್ತಲು, ಒಲೆ, ಕೊನೆಗೆ ಹಾಕಿದ ಸಿಹಿ, ಮಾವ ಚಾಚಿದ ಕೈ, ನಾನು ತಿಂದದ್ದು. ಅವರ ಬೆರಳು ಕಲ್ಲು ಆರಿಸುತ್ತಲೇ ಇತ್ತು. ಮುಗಿದ ಮೇಲೂ ಅವರು ಬೈಯಲಿಲ್ಲ. ಹಸಿದ ಮುದುಕ ಉಂಡಿದ್ದು ಒಳ್ಳೆಯದೇ ಆಯಿತು, ನಿನ್ನ ಜಾಗದಲ್ಲಿ ಯಾವ ಮಗಳಾದರೂ ಬಾಯಿ ತೆರೆಯುತ್ತಿದ್ದಳು ಎಂದರು. ನಾನು ಅವರ ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ. ಮತ್ತೆ ಗೋಧಿಗೆ ಕೈ ಹಾಕುತ್ತ ಅವರು ಕೇಳಿದರು.

"ಅದಕ್ಕೆ ಸಿಹಿ ಹಾಕಿದೆ ಅಂದೆಯಲ್ಲ, ಗೋಳ್ ಯಾವುದು ದೀಕ್ರಿ?"

ಅಂಗಡಿಯದು ಎನ್ನಬಹುದಿತ್ತು. ಒಂದೇ ಒಂದು ಮಾತು. ಆದರೆ ಎಲ್ಲವನ್ನೂ ಹೇಳಿ ಮುಗಿಸುವ ಹುಮ್ಮಸ್ಸಿನಲ್ಲಿದ್ದೆ.

"ನೀವು ಕೊಟ್ಟಿದ್ದೇ, ಬಾ."

ಬೆರಳು ನಿಂತಿತು. ಅವರು ಗೋಧಿಯ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಮತ್ತೆ ಬಂದಾಗ ಬೇರೆ ಮಾತಾಡಿದರು, ಸೂರತ್ತಿನ ನೀರಿನ ವಿಷಯ, ರೈಲಿನ ಹೊತ್ತಿನ ವಿಷಯ. ಹೊರಡುವ ದಿನ ದಾರಿಗೆಂದು ಮೆಂತ್ಯಸೊಪ್ಪಿನ ರೊಟ್ಟಿ, ಥೇಪ್ಲಾ, ಕಟ್ಟಿಕೊಟ್ಟರು.

ಸೂರತ್ತಿನಲ್ಲಿ ಕತಾರ್‌ಗಾಮ್ ಹತ್ತಿರ ಮನೆ ಮಾಡಿದೆವು. ಅಲ್ಲಿ ಏನು ತಿನ್ನುತ್ತೀರಿ ಎಂದು ಕೇಳುವವರಿರಲಿಲ್ಲ. ಎರಡು ವರ್ಷದ ಮೇಲೆ ಬರೋಡಾಕ್ಕೆ ಯಾವುದೋ ಮದುವೆಗೆ ಹೋದವಳು ಗೋರ್ವಾಕ್ಕೂ ಹೋದೆ. ಬಾ ಸೊರಗಿದ್ದರು, ನನ್ನನ್ನು ಕಂಡು ಹಿಗ್ಗಿದರು, ಉಣ್ಣದೆ ಹೋಗಬೇಡ ಎಂದರು. ದಾಲ್ ಬಾಯಿಗಿಟ್ಟೆ. ಬರೀ ಹುಳಿ, ಬರೀ ಖಾರ. ಮರೆತಿರಬೇಕು ಎಂದು ಶಾಕ್ ಮುಟ್ಟಿದೆ. ಅದರಲ್ಲೂ ಸಿಹಿಯಿರಲಿಲ್ಲ. ತಲೆಯೆತ್ತಿ ಅವರ ಮುಖ ನೋಡಿದೆ.

"ನನ್ನ ಮನೆ ಗೋಳ್ ಆ ಪಾತ್ರೆಗೆ ಬಿತ್ತಲ್ಲ. ನೀನು ಹೇಳಿದ ದಿನವೇ ಬಿಟ್ಟೆ" ಎಂದರು. ಕೋಪವಿರಲಿಲ್ಲ. ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದರು.

ಇದು ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ಆ ಸಲದ್ದು ನಿನ್ನ ಮಾವ ಉಣ್ಣುವವರೆಗೆ ಇತ್ತು, ಈ ಸಲದ್ದಕ್ಕೆ ಹಾಗೆ ಕೊನೆಯೇನೂ ಇಲ್ಲ ಎಂದರು.

ಮಾವನಿಗೆ ಹಂದಿ ಉಣ್ಣಿಸಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವರ ಕೈಯಿಂದ ತಿಂದದ್ದಕ್ಕೂ ಇಲ್ಲ. ಅದನ್ನು ಅವರಿಗಾಗಿ ಮಾಡಿದೆ. ಹೇಳಿದ್ದು ಮಾತ್ರ ನನಗಾಗಿ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ, ಅದನ್ನು ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಬಾಯಿಯ ಮೇಲೆ ಇಟ್ಟು ಬಂದೆ. ಕ್ಷಮಿಸಿ ಎನ್ನಲು ಮುಖವಿರಲಿಲ್ಲ. ಇನ್ನೊಂದು ಸೌಟು ದಾಲ್ ಹಾಕಲಾ ಎಂದು ಬಾ ಕೇಳಿದರು. ಹಾಕಿ ಎಂದೆ, ಪೂರ್ತಿ ಉಂಡೆ.